ಹೊಗೆಯೋ, ಹಬೆಯೋ?

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇರಬೇಕೆಂದು ಊಹಿಸುವುದು ನಮ್ಮ ತರ್ಕಶಾಸ್ತ್ರದ ಮೊದಲನೆಯ ಪಾಠ. ಅದರ ಎರಡನೆಯ ಪಾಠವನ್ನು ನೆನೆಯುವವರು ಕಡಮೆ. ಕಂಡದ್ದು ಹೊಗೆಯೇ ಹೌದೆ ಅಥವಾ ಬರಿಯ ಹಬೆಯೆ ಎಂಬ ಸಂದೇಹ ಉಳಿದಿರುವಾಗ ಅದರಿಂದ ಬೆಂಕಿಯನ್ನು ಸಾಧಿಸಲಾಗದೆಂದು ಹಿಂದಿನ ತಾರ್ಕಿಕರು ಎಚ್ಚರಿಸಿದ್ದಾರೆ. 2010ರಲ್ಲಿ ಅಮೆರಿಕದ ಪಶ್ಚಿಮ ತೀರದಲ್ಲಿ ಎದ್ದ ಒಂದು ವಿವಾದವನ್ನು ಕುರಿತು ಯೋಚಿಸಿದಾಗಲೆಲ್ಲ ನನಗೆ ಈ ಎರಡನೆಯ ಪಾಠ ನೆನಪಾಗುತ್ತದೆ.

ಆ ವರ್ಷ ನವೆಂಬರ್ 8ರ ಸೂರ್ಯಾಸ್ತದ ಹೊತ್ತಿನಲ್ಲಿ, ಲಾಸ್ ಏಂಜಲಿಸ್ ನಗರದ ಪಶ್ಚಿಮಕ್ಕೆ, ಕಡಲಿನ ಮೇಲೆ ದಪ್ಪನೆಯ ಗೆರೆಯೊಂದು ಮೂಡಿತು. ಟೆಲಿವಿಷನ್ ಸಂಸ್ಥೆಯೊಂದರ ಹೆಲಿಕಾಪ್ಟರಿನಲ್ಲಿದ್ದವರು ಅದರ ಚಿತ್ರ ತೆಗೆದರು. ನೀರಿನೊಳಗಿಂದ ಕ್ಷಿಪಣಿಯೊಂದು ನೆಟ್ಟಗೆ ಮೇಲೆದ್ದಂತೆಯೇ ಅದು ಕಾಣುತ್ತಿತ್ತು. ಮರುದಿನ ರಕ್ಷಣಾ ಇಲಾಖೆಯನ್ನು ಕೇಳಿದರೆ, ಏನೆಂದು ಇನ್ನೂ ತಿಳಿಯದೆಂಬ ಉತ್ತರ ಬಂತು. ಅದರ ಮರುದಿನ, ವಿಮಾನದ ಜಾಡಲ್ಲದೆ ಬೇರೇನೋ ಎನ್ನಲು ಆಧಾರವಿಲ್ಲ ಎಂದರು. ಅಷ್ಟರಲ್ಲಿ ಜನ ಎರಡು ಪಕ್ಷವಾಗಿ ಹೋಗಿದ್ದರು.

ವಿಮಾನದ ಪಕ್ಷದವರ ವಾದ ಹೀಗೆ: ಸುಮಾರು 10 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಉಷ್ಣತೆ ಸೊನ್ನೆಗಿಂತ 40-50 ಡಿಗ್ರಿ ಕೆಳಗಿರುತ್ತದೆ. ಎಂಜಿನ್ನಿನಿಂದ ಹೊರಬಿದ್ದ ನೀರಾವಿ ಅಲ್ಲಿ ಹಿಮದ ಕಣಗಳಾಗಿ ಗೆರೆ ಕಟ್ಟುತ್ತದೆ. ವಿಮಾನ ನಮ್ಮ ಕಡೆಗೆ ಬರುತ್ತಿದ್ದರೆ, ಒಂದೇ ಎತ್ತರದಲ್ಲಿ ಬಂದರೂ ಆ ಗೆರೆ ದಿಗಂತದಿಂದ ಮೇಲೆದ್ದಂತೆ ತೋರುತ್ತದೆ. ನೇರವಾದ ರಸ್ತೆಯಲ್ಲಿ ನಿಂತು ನೋಡಿದರೆ, ತಲೆಯ ಮೇಲಿನ ವಿದ್ಯುತ್ ತಂತಿ ದೂರದಲ್ಲಿ ನೆಲ ಮುಟ್ಟಿದಂತೆ ಕಾಣುವುದಿಲ್ಲವೆ? ಮೇಲಾಗಿ, ಕ್ಷಿಪಣಿಯಾಗಿದ್ದರೆ ಬಹು ಬೇಗ ಕಣ್ಮರೆಯಾಗುತ್ತಿತ್ತು. ಇದು ಸಾವಕಾಶವಾಗಿ ಸಾಗಿತು. ನನಗೆ ಈ ವಾದವೇ ಸರಿಯೆಂದು ತೋರುತ್ತದೆ.

ಆದರೂ ಇನ್ನೊಂದು ಪಕ್ಷದವರನ್ನು ನಾನು ಮೂಢರೆನ್ನಲಾರೆ. ಅದೇ ತೀರದ ವ್ಯಾಂಡನ್‌ಬರ್ಗ್ ನೆಲೆಯಿಂದ ಕ್ಷಿಪಣಿಗಳನ್ನು ಹಾರಿಸಿ ಪರೀಕ್ಷಿಸುವ ವಾಡಿಕೆ ಉಂಟು. ಸರ್ಕಾರದ ಮಾತನ್ನು ನಂಬದಿರುವುದಕ್ಕೂ ಕಾರಣ ಉಂಟು. 1960ರ ಮೇ ತಿಂಗಳಲ್ಲಿ ಸೋವಿಯತ್ ರಷ್ಯ ಹೊಡೆದುರುಳಿಸಿದ ಯು-2 ವಿಮಾನ ಹವಾಮಾನದ ಅಧ್ಯಯನಕ್ಕೆ ಹೋದದ್ದೆಂದು ಅಮೆರಿಕ ಹೇಳಿತು. ಚಾಲಕ ಜೀವಸಹಿತ ಸೆರೆಸಿಕ್ಕಿದ್ದಾನೆಂದು ಕ್ರುಶ್ಚೇವ್ ಸಾರಿದ ಮೇಲೆ, ಅದು ಬೇಹಿನ ವಿಮಾನವೆಂದು ಒಪ್ಪಬೇಕಾಯಿತು.

ಆದರೆ ಇಲ್ಲಿ ಎರಡು ಪ್ರಶ್ನೆಗಳು ಕಲೆತುಹೋಗುತ್ತವೆ. ಹೇಳುವವನು ನಂಬಿಕೆಗೆ ಯೋಗ್ಯನೆ ಎಂಬುದು ಒಂದು. ಆಕಾಶದಲ್ಲಿ ಕಂಡದ್ದೇನು ಎಂಬುದು ಇನ್ನೊಂದು. ಹುಲಿ ಬಂತೆಂದು ಸುಳ್ಳೇ ಕೂಗುತ್ತಿದ್ದ ಹುಡುಗನ ಕಥೆಯನ್ನು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಸುಳ್ಳಾಡಬಾರದೆಂಬ ನೀತಿಯನ್ನೂ ತೆಗೆಯುತ್ತೇವೆ. ಊರವರಿಗೂ ಅದರಲ್ಲಿ ಒಂದು ನೀತಿ ಇದೆ. ಹುಡುಗ ಸುಳ್ಳುಗಾರನೆಂಬುದು ನಿಜವಾಗಿತ್ತು. ಹುಲಿ ಬಂದದ್ದೂ ನಿಜವಾಗಿತ್ತು. ಅಲ್ಲದೆ, ‘ತಿಳಿಯದು’ ಎಂದು ಒಂದು ದಿನ ಒಪ್ಪಿಕೊಂಡವರನ್ನು ನಾವು ಕಳ್ಳರೆಂದು ಬಯ್ದರೆ, ಮುಂದೆ ಅವರು ತಿಳಿಯದಿದ್ದರೂ ಏನಾದರೊಂದು ಉತ್ತರವನ್ನು ಒಡನೆಯೇ ಹೇಳಿ ಪಾರಾಗುವುದನ್ನು ಕಲಿಯುತ್ತಾರೆ. ಪ್ರಾಮಾಣಿಕತೆಯನ್ನು ಬೇಡುವವರು ಅದಕ್ಕೆ ಎಡೆಯನ್ನೂ ಕೊಡಬೇಕು.

ಇದು ಬಿಡುವಾಗಿರುವವರ ಹರಟೆ, ಯಾವುದಾದರೇನು ಎಂದು ಕೇಳುವವರಿರಬಹುದು. ಕ್ಯಾಲಿಫೋರ್ನಿಯದಲ್ಲಿ ಯಾರಿಗೂ ಏನೂ ಆಗಲಿಲ್ಲ, ನಿಜ. ಆದರೆ 2020ರ ಜನವರಿ 8ರಂದು ಟೆಹರಾನಿನಲ್ಲಿ ಆದದ್ದನ್ನು ನೋಡಿ. ಆ ರಾತ್ರಿ ಇರಾನ್ ದೇಶವು ಇರಾಕಿನಲ್ಲಿದ್ದ ಅಮೆರಿಕದ ಪಡೆಗಳ ಮೇಲೆ ಕ್ಷಿಪಣಿ ಪ್ರಯೋಗಿಸಿ, ಪ್ರತಿದಾಳಿಯನ್ನು ಎದುರುನೋಡುತ್ತಿತ್ತು. ಬೆಳಗಿನ ಜಾವ ಉಕ್ರೇನಿನ ಪ್ರಯಾಣಿಕ ವಿಮಾನವೊಂದು ಮೇಲೆದ್ದಿತು. ಕಾವಲಿದ್ದವರು ಅದನ್ನು ಹೊಡೆದುರುಳಿಸಿದರು; ಅದರಲ್ಲಿದ್ದ 176 ಮಂದಿಯೂ ಸತ್ತರು. ಮೊದಲು ಅಲ್ಲಗಳೆದ ಇರಾನ್ ಮೂರು ದಿನಗಳ ಮೇಲೆ ಒಪ್ಪಿಕೊಂಡಿತು. ಕಾವಲಿನವನು ವಿಮಾನವನ್ನು ಕ್ಷಿಪಣಿಯೆಂದು ಬಗೆದನೆಂದೂ, ನಿರ್ಧರಿಸಲು ಅವನಿಗಿದ್ದುದು 10 ಸೆಕೆಂಡು ಮಾತ್ರವೆಂದೂ ಅಲ್ಲಿನ ಸೇನಾಧಿಕಾರಿಯೊಬ್ಬರು ಹೇಳಿದರು.

ಎರಡು ಕಡೆಯೂ ತಪ್ಪಿನ ಬಗೆ ಒಂದೇ. ಭಯ ಮೊದಲೇ ಉತ್ತರವನ್ನು ಸಿದ್ಧಮಾಡಿಟ್ಟಿತ್ತು. ಕಣ್ಣು ಅದಕ್ಕೆ ಒಪ್ಪಿಗೆ ಕೊಟ್ಟಿತು, ಅಷ್ಟೆ. ಬಿಡುವಾಗಿರುವ ನಮಗೆ 10 ಸೆಕೆಂಡಿನ ಗಡುವಿಲ್ಲ. ಹಾಗಿದ್ದೂ ನಾವು ಅವಸರಪಟ್ಟು ತೀರ್ಪು ಕೊಡುತ್ತೇವೆ. ಆ ಅವಸರ ಜನಗಳ ಸ್ವಭಾವವಾದರೆ, ಅವರ ನಡುವಿನಿಂದಲೇ ಹೋಗಿ ಕಾವಲಿಗೆ ಕೂತವನಿಗೆ ತಾಳ್ಮೆ ಎಲ್ಲಿಂದ ಬರಬೇಕು?

ಸಂಶಯಪಡುವವನು ಕೆಡುತ್ತಾನೆಂಬ ಮಾತು ನಮ್ಮಲ್ಲಿದೆ. ಮಾಡಬೇಕಾದ ಕರ್ತವ್ಯ ತಿಳಿದಿದ್ದೂ ಹಿಂಜರಿಯುವವನಿಗೆ ಆ ಮಾತು ಸಲ್ಲುತ್ತದೆ. ದೂರದಲ್ಲಿ ಕಂಡದ್ದು ಏನೆಂದು ಇನ್ನೂ ತಿಳಿಯದವನಿಗೆ ಸಂಶಯವೇ ಕರ್ತವ್ಯ. ತಿಳಿಯುವವರೆಗೆ ಅದನ್ನು ಹೊಗೆಯೆನ್ನದೆ, ಹಬೆಯೆನ್ನದೆ, ಬರಿಯ ಗೆರೆಯೆಂದು ಕರೆದರೆ ನಮ್ಮ ಜಾಣತನಕ್ಕೆ ಕುಂದೇನೂ ಬಾರದು.