ತಾಸಿನ ಲೆಕ್ಕವೂ ವಿದ್ಯೆಯ ಬೆಲೆಯೂ

ಕೊಕಟನೂರಿನಂತಹ ಊರಿನಲ್ಲಿ ದುಡಿಮೆಯನ್ನು ಅಳೆಯುವ ಕೋಲುಗಳು ಹಲವು. ಕಳೆ ತೆಗೆಯುವವರಿಗೆ ದಿನದ ಕೂಲಿ. ಕಬ್ಬು ಕಡಿಯುವ ಟೋಳಿಗೆ ಟನ್ನಿನ ಲೆಕ್ಕ. ಕೊಳವೆ ಬಾವಿ ಕೊರೆಯುವವನಿಗೆ ಫೂಟಿನ ಲೆಕ್ಕ. ಬಾಡಿಗೆಯ ಟ್ರ್ಯಾಕ್ಟರಿಗೆ ತಾಸಿನ ಲೆಕ್ಕ. ಈ ತಾಸಿನ ಲೆಕ್ಕವನ್ನು ಅಲ್ಲಿ ಯಾರೂ ಅನ್ಯಾಯವೆನ್ನುವದಿಲ್ಲ. ಹೊಲದ ಒಡೆಯನು ಬದುವಿನ ಮೇಲೆ ನಿಂತರೆ ಸಾಕು, ಯಂತ್ರವು ಉಳುತ್ತಿದೆಯೋ ಸುಮ್ಮನೆ ಗುಡುಗುತ್ತ ನಿಂತಿದೆಯೋ ಅವನ ಕಣ್ಣಿಗೇ ಕಾಣುತ್ತದೆ. ಅದೇ ಒಕ್ಕಲಿಗನು ಹಿಸ್ಸೆಯ ದಾವೆಗಾಗಿ ಅಥಣಿಯ ಕೋರ್ಟಿನ ಮೆಟ್ಟಿಲನ್ನು ಹತ್ತಿದನೆಂದರೆ ಈ ಕಣ್ಣಿನ ಸಾಕ್ಷಿಯು ಇಲ್ಲವಾಗುತ್ತದೆ. ವಕೀಲನ ತಲೆಯೊಳಗೆ ಕೆಲಸವು ನಡೆದಿದೆಯೋ ಇಲ್ಲವೋ ಎಂದು ನೋಡಲು ಅಲ್ಲಿ ಬದುವೆಂಬದಿಲ್ಲ.

ವಿದ್ಯೆಯಿಂದ ಜೀವಿಸುವವರು ತಮ್ಮ ಫೀಯನ್ನು ತಾಸಿನಿಂದ ಅಳೆಯುವ ಪದ್ಧತಿಯು ಬಲಿತದ್ದು ಅಮೇರಿಕೆಯಲ್ಲಿ. 1958ರಲ್ಲಿ ಅಲ್ಲಿಯ ವಕೀಲರ ಮಹಾಸಂಘವು ಹೊತ್ತಿನ ಲೆಕ್ಕವಿಡಿರೆಂದು ತನ್ನ ಸದಸ್ಯರಿಗೆ ಉಪದೇಶಿಸಿ, ವರ್ಷಕ್ಕೆ ಸುಮಾರು 1,300 ತಾಸುಗಳಿಗೆ ಫೀ ದೊರೆಯಬಹುದೆಂದು ಅಂದಾಜು ಮಾಡಿತು. 1975ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ವಕೀಲ ಸಂಘದ ಕನಿಷ್ಠ ಫೀ ಪಟ್ಟಿಯನ್ನು ಕಾನೂನಿಗೆ ವಿರುದ್ಧವೆಂದು ತಳ್ಳಿಹಾಕಿದ ಮೇಲಂತೂ ತಾಸೇ ಸಾರ್ವಭೌಮನಾಯಿತು. ಈಗ ದೊಡ್ಡ ಸಂಸ್ಥೆಗಳಲ್ಲಿ ತರುಣ ವಕೀಲನಿಂದ 1,900 ತಾಸುಗಳನ್ನೂ ಅದಕ್ಕೂ ಹೆಚ್ಚನ್ನೂ ನಿರೀಕ್ಷಿಸುವದುಂಟು. ತಾಸನ್ನು ಹತ್ತು ಭಾಗ ಮಾಡಿ ಆರಾರು ನಿಮಿಷಗಳನ್ನು ಮಾರುತ್ತಾರೆ. ಬೆಂಗಳೂರಿನ ಗಣಕ ಸಂಸ್ಥೆಗಳು ಪರದೇಶದ ಗಿರಾಕಿಗಳಿಗೆ ಕಳಿಸುವ ಬಿಲ್ಲುಗಳಲ್ಲಿಯೂ ಬಹುಕಾಲ ಇದೇ ಲೆಕ್ಕವೇ ಮುಖ್ಯವಾಗಿ ನಡೆದು ಬಂದಿದೆ. ನಮ್ಮ ತಾಲೂಕಾ ಕೋರ್ಟುಗಳಲ್ಲಿ ತಾಸಿನ ಫೀ ಇಲ್ಲವೆಂದು ಹಿಗ್ಗಬೇಕಾಗಿಲ್ಲ; ತಾರೀಖಿಗೆ ಇಷ್ಟೆಂದು ಎಣಿಸುವ ಪದ್ಧತಿಯು ಅದರ ಒಡಹುಟ್ಟಿದ ತಮ್ಮನೇ ಸರಿ. ವಿಚಾರಣೆಯ ಕಾಲದಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ಮುದ್ದತು ಕೊಡಕೂಡದೆಂಬ ನಿರ್ಬಂಧವು 1999ರ ತಿದ್ದುಪಡಿಯಿಂದ ದಿವಾಣಿ ಸಂಹಿತೆಯಲ್ಲಿ ಸೇರಿ 2002ರಲ್ಲಿ ಜಾರಿಗೆ ಬಂದಿತು. ತಾರೀಖುಗಳು ಎಷ್ಟು ಕಡಿಮೆಯಾದವೆಂಬದನ್ನು ಕೋರ್ಟು ಕಂಡ ಮನೆತನಗಳೇ ಬಲ್ಲವು.

ಈ ಲೆಕ್ಕದ ದೋಷವು ವಂಚನೆಯಲ್ಲಿದೆಯೆಂದು ಜನರು ಸಾಮಾನ್ಯವಾಗಿ ತಿಳಿಯುತ್ತಾರೆ. ವಂಚನೆಯೂ ಉಂಟು. ಒಬ್ಬನ ಕೆಲಸಕ್ಕೆ ಪ್ರವಾಸ ಮಾಡುತ್ತ ಇನ್ನೊಬ್ಬನ ಕಾಗದಗಳನ್ನೋದಿ ಅದೇ ತಾಸನ್ನು ಇಬ್ಬರಿಗೂ ಮಾರಕೂಡದೆಂದು 1993ರಲ್ಲಿ ಆ ಮಹಾಸಂಘವೇ ಹೇಳಬೇಕಾಗಿ ಬಂದಿತಲ್ಲ! ಆದರೆ ನಿಜವಾದ ದೋಷವು ಪ್ರಾಮಾಣಿಕನಲ್ಲಿಯೇ ಹೆಚ್ಚು ಸ್ಪಷ್ಟವಾಗಿ ತೋರುವದು. ಅಥಣಿಯಲ್ಲಿ ಚಪ್ಪಲಿ ಹೊಲಿಯುವವನಿಗೆ ಜೋಡಿನ ಮೇಲೆ ಮಜೂರಿ. ಕೈ ಪಳಗಿದಂತೆ ಅವನ ಜೋಡುಗಳು ಹೆಚ್ಚುತ್ತವೆ, ಗಳಿಕೆಯೂ ಹೆಚ್ಚುತ್ತದೆ. ಅವನಿಗೆ ತಾಸಿನ ಮಜೂರಿಯನ್ನು ಗೊತ್ತುಮಾಡಿದರೆ ಕೈ ಪಳಗಿದವನಿಗೆ ಪ್ರತಿ ಜೋಡಿಗೆ ದೊರೆಯುವದು ಕಡಿಮೆ, ಕಲಿಯುವವನಿಗೆ ಹೆಚ್ಚು. ಇಪ್ಪತ್ತು ವರುಷ ಕಾನೂನನ್ನು ಅರೆದು ಕುಡಿದವನು ಒಂದು ಕರಾರುಪತ್ರದ ಕುತ್ತನ್ನು ಹತ್ತು ನಿಮಿಷಗಳಲ್ಲಿ ಕಾಣುತ್ತಾನೆ. ಹೊಸಬನು ಎರಡು ದಿನ ತಡಕಾಡುತ್ತಾನೆ. ಅನುಭವಿಯ ತಾಸಿಗೆ ದರವು ಹೆಚ್ಚೆಂಬ ಸಮಾಧಾನವು ಈ ಅಂತರವನ್ನು ತುಂಬಲಾರದು. ಹೀಗೆ ಪ್ರತಿದಿನವೂ ಒಬ್ಬನ ಲಾಭವನ್ನೂ ಅವನ ಧರ್ಮವನ್ನೂ ಎದುರುಬದುರು ನಿಲ್ಲಿಸಿ, ಅವನ ಶೀಲದ ಮೇಲೆಯೇ ಎಲ್ಲ ಭಾರವನ್ನು ಹೊರಿಸುವ ವ್ಯವಸ್ಥೆಯನ್ನು ಸುವ್ಯವಸ್ಥೆಯೆನ್ನಲಾಗದು.

ಪ್ರಾಚೀನರು ಈ ಭೇದವನ್ನು ಕಂಡಿದ್ದರು. 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಬೆಳಕಿಗೆ ತಂದ ಅರ್ಥಶಾಸ್ತ್ರದಲ್ಲಿ, ಕರಾರಿಲ್ಲದ ಸಾಮಾನ್ಯ ಕೂಲಿಗೆ ಕೆಲಸವನ್ನೂ ಕಾಲವನ್ನೂ ಅನುಸರಿಸಿ ವೇತನವೆಂದು ಕೌಟಿಲ್ಯನು ವಿಧಿಸುತ್ತಾನೆ. ಆದರೆ ಶಿಲ್ಪಿ, ವೈದ್ಯ, ಮಾತಿನಿಂದ ಜೀವಿಸುವವ ಮೊದಲಾದವರ ಪ್ರಸಂಗದಲ್ಲಿ ಕಾಲದ ಮಾತನ್ನೇ ಬಿಟ್ಟು, ಅಂಥವರೇ ಆದ ಇತರರು ಪಡೆಯುವಷ್ಟು, ಇಲ್ಲವೆ ಬಲ್ಲವರು ಗೊತ್ತುಪಡಿಸುವಷ್ಟು ಎನ್ನುತ್ತಾನೆ. (ಮಾತಿನಿಂದ ಜೀವಿಸುವವರಲ್ಲಿ ಇಂದಿನ ವಕೀಲರನ್ನು ಸೇರಿಸಿದರೆ ಕೌಟಿಲ್ಯನು ಮುನಿಯಲಾರನು.) ಕಲ್ಯಾಣದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯ ಸ್ಮೃತಿಯಾದರೋ, ವೇತನವನ್ನು ಗೊತ್ತುಮಾಡದೆ ವ್ಯಾಪಾರಕ್ಕೋ ಪಶುಪಾಲನೆಗೋ ಬೇಸಾಯಕ್ಕೋ ಆಳನ್ನಿಟ್ಟುಕೊಂಡರೆ ಬಂದ ಫಲದ ಹತ್ತನೆಯ ಒಂದು ಭಾಗವನ್ನು ಅವನಿಗೆ ಕೊಡಿಸಬೇಕೆನ್ನುತ್ತದೆ. ಅಮೇರಿಕೆಯ ವಕೀಲನೂ ದಶಾಂಶವನ್ನೇ ಎಣಿಸುತ್ತಾನೆ. ಅವನದು ಫಲದ ದಶಾಂಶವಲ್ಲ, ತಾಸಿನ ದಶಾಂಶ.

ಹಾಗೆಂದು ಫಲಭಾಗವನ್ನು ಎಲ್ಲೆಡೆಗೂ ಒಯ್ಯಲಾಗದು. ದಾವೆಯ ಫಲಕ್ಕೆ ಫೀಯನ್ನು ಕಟ್ಟುವದನ್ನು ಭಾರತದ ವಕೀಲ ಪರಿಷತ್ತಿನ ನಿಯಮಗಳು ನಿಷೇಧಿಸುತ್ತವೆ. ಗೆಲುವಿನಲ್ಲಿ ಪಾಲುಳ್ಳವನು ನ್ಯಾಯಾಲಯದ ಸೇವಕನಾಗಿ ಉಳಿಯುವದು ಕಷ್ಟ. ಒಟ್ಟು ಮೊತ್ತವನ್ನು ಮೊದಲೇ ಗೊತ್ತುಪಡಿಸಿದರೆ ಅವಸರದ ಕೆಲಸದ ಭಯವಿದೆ. ದಾವೆಯು ಅಪೀಲಿನಿಂದ ಅಪೀಲಿಗೆ ಏರಿದರೆ ಬಡ ವಕೀಲನೇ ನಷ್ಟಕ್ಕೆ ಗುರಿಯಾದಾನು. ತಾಸಿನ ಪಕ್ಷಪಾತಿಗಳ ಈ ಮಾತು ಹಗುರವಾದದ್ದಲ್ಲ. ಆದರೂ ಅವಸರದ ಕೆಲಸವು ಕೊನೆಗೆ ಬಯಲಾಗುತ್ತದೆ, ಬಲ್ಲವರು ಅದನ್ನು ಗುರುತಿಸಬಲ್ಲರು; ಹಿಗ್ಗಿಸಿದ ತಾಸು ಬಲ್ಲವರಿಗೂ ಕಾಣದು. ಅಲ್ಲದೆ ಮೊತ್ತವನ್ನು ಮೊದಲೇ ಕೇಳಿದವನು ದಾವೆಗಿಂತ ತಮ್ಮನೊಡನೆ ರಾಜಿಯೇ ಲೇಸೆಂದು ಮನೆಗೆ ಮರಳಬಹುದು. ತಾಸಿನ ಲೆಕ್ಕದಲ್ಲಿ ಈ ವಿವೇಕಕ್ಕೆ ಎಡೆಯೇ ಇಲ್ಲ. ಬೆಲೆಯು ತಿಳಿಯುವ ಹೊತ್ತಿಗೆ ಹೊಲವು ಅಡವಿಗೆ ಬಿದ್ದಿರುತ್ತದೆ.

ಈಗ ಬರೆಯುವ, ಓದುವ ಯಂತ್ರಗಳು ಬಂದು ಹತ್ತು ತಾಸಿನ ಕೆಲಸವನ್ನು ಒಂದು ತಾಸಿಗೆ ಇಳಿಸತೊಡಗಿವೆ. ತಾಸಿನ ಲೆಕ್ಕವನ್ನು ಒಪ್ಪಿದವನು ನಿಜವಾಗಿ ದುಡಿದ ತಾಸಿಗೆ ಮಾತ್ರ ಫೀ ಪಡೆಯಬೇಕೆಂದು 2024ರಲ್ಲಿ ಅದೇ ಮಹಾಸಂಘವು ಅಭಿಪ್ರಾಯ ಕೊಟ್ಟಿತು. ಉಳಿದ ಒಂಬತ್ತು ತಾಸುಗಳು ಗಿರಾಕಿಗೆ ಸೇರಿದವು. ಇದರಿಂದಲೇ ಸಂಸ್ಥೆಗಳಲ್ಲಿ, ನಮ್ಮ ಬೆಂಗಳೂರಿನಲ್ಲಿಯೂ, ಕೆಲಸಕ್ಕೆ ಇಷ್ಟೆಂದು ಮೊದಲೇ ಗೊತ್ತುಪಡಿಸುವ ಕರಾರಿನ ಮಾತು ಬಲವಾಗಿ ಎದ್ದಿದೆ. ತಾಸಿನ ಲೆಕ್ಕವು ಕೊಳ್ಳುವವನನ್ನು ಚುಚ್ಚುತ್ತಿದ್ದ ದಶಕಗಳಲ್ಲಿ ಈ ಮಾತು ಇಷ್ಟು ಜೋರಾಗಿ ಕೇಳಿಸಿರಲಿಲ್ಲ.