ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು

ಉಪ್ಪಿನಕಾಯಿ ಅಂಗಡಿಯಲ್ಲಿ ಸಿಗುತ್ತದೆ. ಸಾರಿನ ಪುಡಿ, ಹಪ್ಪಳ, ಸಂಡಿಗೆ, ಶಾವಿಗೆ, ದೋಸೆ ಹಿಟ್ಟು, ಬಾಗಿಲಿಗೆ ಕಟ್ಟುವ ತೋರಣ, ಹೊಸ್ತಿಲಿಗೆ ಅಂಟಿಸುವ ರಂಗೋಲಿ ಎಲ್ಲವೂ ಸಿಗುತ್ತವೆ. ಪೇಟೆಯಲ್ಲಾದರೆ ಫೋನಿನಲ್ಲಿ ಹೇಳಿದ ಸ್ವಲ್ಪ ಹೊತ್ತಿಗೆ ಮನೆಗೇ ಬರುತ್ತವೆ. ಆದರೂ ಮಾವಿನ ಮಿಡಿಯ ಕಾಲದಲ್ಲಿ ಭರಣಿ ತೊಳೆದು ಒಣಗಿಸುವವರು ಇದ್ದಾರೆ. ಆಫೀಸಿನ ಬಸ್ಸಿನಲ್ಲಿ ಕ್ರೋಶಾ ಹಾಕುವವರಿದ್ದಾರೆ. ನಿವೃತ್ತರಾದ ಮೇಲೆ ಮರಗೆಲಸ ಕಲಿತು ಮೊಮ್ಮಗಳಿಗೆ ತೊಟ್ಟಿಲು ಮಾಡುವವರಿದ್ದಾರೆ. ಕೊಳ್ಳಬಹುದಾದದ್ದನ್ನು ಕೈಯಾರೆ ಮಾಡಬೇಕು ಅನ್ನಿಸುವುದು ಯಾಕೆ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರಗಳು ನನಗೆ ಸಾಲುವುದಿಲ್ಲ. ಉಳಿತಾಯ ಅನ್ನುತ್ತಾರೆ. ಉಣ್ಣೆ ಕೊಂಡು ತಿಂಗಳುಗಟ್ಟಲೆ ಸ್ವೆಟರ್ ಹೆಣೆದವರನ್ನು ಕೇಳಿ, ಅಂಗಡಿಯದೇ ಅಗ್ಗ ಎಂದು ಅವರೇ ಹೇಳುತ್ತಾರೆ. ಆರೋಗ್ಯ ಅನ್ನುತ್ತಾರೆ. ಅಡುಗೆಯ ಮಟ್ಟಿಗೆ ಒಪ್ಪಬಹುದು, ಕಸೂತಿಗೆ ಅದು ಒಪ್ಪುವ ಮಾತಲ್ಲ. ಮನಸ್ಸಿಗೆ ನೆಮ್ಮದಿ ಎಂಬುದು ಈಚಿನ ಉತ್ತರ. ನೆಮ್ಮದಿಯೊಂದೇ ಬೇಕಿದ್ದರೆ ಮಧ್ಯಾಹ್ನ ಒಂದು ಗಂಟೆ ನಿದ್ದೆ ಮಾಡಿದರೆ ಸಾಕಲ್ಲ. ತಪ್ಪಿದ ಸಾಲನ್ನು ಬಿಚ್ಚಿ ಮತ್ತೆ ಹಾಕುವ ಹಟ ಎಲ್ಲಿಂದ ಬಂತು? ಈ ಮೂರು ಉತ್ತರಗಳೂ ಮಾಡುವ ಕೆಲಸವನ್ನು ಇನ್ನೊಂದರ ಊಳಿಗಕ್ಕೆ ಹಚ್ಚುತ್ತವೆ. ಮಾಡುವವರು ಮಾತ್ರ ಅದನ್ನು ಹಾಗೆ ಕಾಣುವುದಿಲ್ಲ.

ಧಾರವಾಡದ ಕಸೂತಿಯನ್ನೇ ಹತ್ತಿರದಿಂದ ನೋಡೋಣ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿ ಅದರಲ್ಲಿಲ್ಲ. ಬಟ್ಟೆಯ ಹಾಸುಹೊಕ್ಕಿನ ಎಳೆಗಳನ್ನು ಕಣ್ಣಲ್ಲೇ ಎಣಿಸಿ ಸೂಜಿ ಚುಚ್ಚಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ಆನೆಯ ಅಂಬಾರಿ ಜಾರುತ್ತದೆ. ಗವಂತಿ, ಮುರಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ದಾರ ಒಮ್ಮೆ ಹೋಗುವಾಗ ಒಂದು ಬಿಟ್ಟು ಒಂದು ಜಾಗ ತುಂಬುತ್ತದೆ, ಬಿಟ್ಟದ್ದನ್ನು ವಾಪಸು ಬರುವಾಗ ತುಂಬುತ್ತದೆ. ಹಾಗಾಗಿ ಮುಂದೆ ಕಂಡ ಚಿತ್ತಾರವೇ ಹಿಂದೆಯೂ ಕಾಣುತ್ತದೆ. ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯ ಒಳಗೇ ಅಡಗಿಸಬೇಕು. ಇಳಕಲ್ ಸೀರೆಗೋ ಮದುಮಗಳು ಉಡುವ ಕಪ್ಪು ಚಂದ್ರಕಾಳಿಗೋ ಕಸೂತಿ ಹಾಕುತ್ತಿದ್ದ ಹೆಂಗಸರಿಗೆ ಸೀರೆಯ ಒಳಮೈಯನ್ನು ಯಾರೂ ನೋಡಲಾರರು ಎಂದು ಗೊತ್ತಿಲ್ಲದೆ ಇರಲಿಲ್ಲ. ಆದರೂ ಒಳಮೈ ಹೊರಮೈಯಷ್ಟೇ ಚೊಕ್ಕವಾಗಿರಬೇಕೆಂಬ ಕಟ್ಟಳೆ ಉಳಿಯಿತು.

ಆ ಒಳಮೈ ಯಾರಿಗೆ ಬೇಕಿತ್ತು? ಮೈ ಮುಚ್ಚಲು ಸೀರೆ ಸಾಕು, ಚಂದಕ್ಕೆ ಹೊರಮೈಯ ಚಿತ್ತಾರ ಸಾಕು. ಒಳಮೈಯ ಅಚ್ಚುಕಟ್ಟು ಈ ಎರಡು ಅಗತ್ಯಗಳನ್ನೂ ದಾಟಿದ್ದು. ಬದುಕಿಗೆ ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚು ಮಾಡುವ ಈ ಗುಣ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಷ್ಟು ಸಾಕು ಎಂದು ಜಗತ್ತು ಹೇಳಿದ ಮೇಲೆ, ಇಲ್ಲ, ಎಷ್ಟು ಸಾಕೆಂದು ನಾನು ಹೇಳುತ್ತೇನೆ ಅನ್ನುವ ಅಧಿಕಾರ ಅದು. ಪದವಿ, ದುಡ್ಡು, ಹೆಸರು ಯಾವುದೂ ಇಲ್ಲದವರ ಕೈಗೂ ಸಿಗಬಲ್ಲ ಅಧಿಕಾರ.

ಕೌದಿಯಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಕೌದಿ ಹುಟ್ಟಿದ್ದು ಬಡತನದಲ್ಲಿ: ಹರಿದ ಸೀರೆ, ಧೋತರ, ಹಳೆ ಲಂಗದ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಚಳಿಗೆ ಅಷ್ಟಾದರೆ ಆಯಿತು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಹೊಲಿಯುವ ಕೌದಿಯ ಮೂಲೆಗಳಲ್ಲಿ ಮಾತ್ರ ತ್ರಿಕೋನವಾಗಿ ಮಡಿಸಿದ ಪುಟ್ಟ ಬಟ್ಟೆಯ ಹೂ ಇರುತ್ತದೆ. ಅವರು ಅದನ್ನು ಫೂಲ ಅನ್ನುತ್ತಾರೆ. ಅದರಿಂದ ಕೌದಿ ಬೆಚ್ಚಗಾಗುವುದಿಲ್ಲ, ಗಟ್ಟಿಯೂ ಆಗುವುದಿಲ್ಲ. ಆದರೆ ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯಲ್ಲ.

ಜರ್ಮನಿಯ ದಾರ್ಶನಿಕ ಕಾಂಟ್ 1790ರಲ್ಲಿ ಬಂದ ತನ್ನ ಗ್ರಂಥದಲ್ಲಿ ಕಲೆಯನ್ನೂ ಕೈಕಸುಬನ್ನೂ ಬೇರೆ ಬೇರೆ ಇಟ್ಟ. ಕಲೆ ಆಟದಂತೆ ತಾನೇ ಹಿತವಾದದ್ದು. ಕಸುಬು ದುಡಿಮೆ, ಕೂಲಿಯ ಆಸೆಗೆ ಮಾಡುವಂಥದ್ದು. ಈ ಗೆರೆಯ ಯಾವ ಕಡೆಗೆ ಕೌದಿಯನ್ನು ಹಾಕುವುದು? ಅದು ಆಟವಲ್ಲ, ಚಳಿ ಆಟವಾಡುವುದಿಲ್ಲ. ಕೂಲಿಯೂ ಅಲ್ಲ. ನಮ್ಮ ಹಳಬರು ಈ ಗೆರೆಯನ್ನು ಎಳೆದಿರಲಿಲ್ಲ. ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ಹಾಡು, ಕುಣಿತದ ಜೊತೆಗೇ ಹೂ ಕಟ್ಟುವುದು, ಹೊಲಿಗೆ, ಅಕ್ಕಿ ಮತ್ತು ಹೂಗಳಿಂದ ನೆಲ ಸಿಂಗರಿಸುವುದು, ಬಗೆಬಗೆಯ ಪಲ್ಯ ಭಕ್ಷ್ಯ ಮಾಡುವುದು ಬರುತ್ತವೆ. ಹನ್ನೊಂದನೆಯ ಶತಮಾನದ ಇಮ್ಮಡಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಬೇಸಾಯ, ವೈದ್ಯದ ಜೊತೆ ಅಡುಗೆಗೂ ಜಾಗ ಕೊಟ್ಟ. ಹದಿನಾರನೆಯ ಶತಮಾನದ ಆರಂಭದಲ್ಲಿ ಮುಮ್ಮಡಿ ಮಂಗರಸ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲೇ ಬರೆದ. ಇವರೆಲ್ಲ ಅರಮನೆ, ಪಟ್ಟಣದ ಸುತ್ತ ಇದ್ದವರು ಎಂಬುದು ನಿಜ. ಆದರೂ ಅಡುಗೆಗೆ ಬುದ್ಧಿ ಬೇಕು ಎಂಬುದರಲ್ಲಿ ಅವರಿಗೆ ಸಂದೇಹವಿರಲಿಲ್ಲ.

ಎಂಥ ಬುದ್ಧಿ? ನಿಂಬೆಗಾತ್ರದ ಹುಣಸೆಹಣ್ಣು ಎಂದು ಪುಸ್ತಕ ಹೇಳುತ್ತದೆ. ಹುಣಸೆ ಈ ವರ್ಷದ್ದೋ ಹೋದ ವರ್ಷದ್ದೋ ಎಂಬುದರ ಮೇಲೆ ಹುಳಿ ಬದಲಾಗುತ್ತದೆ. ಬೇಳೆ ಬೇಯುವುದು ನೀರಿನ ಮೇಲೆ ನಿಂತಿದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಗರಿಬೇಳೆ ಸತಾಯಿಸುತ್ತದೆ. ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಅದು ನೀರು ಬಿಟ್ಟುಕೊಂಡು ಸುಕ್ಕುತ್ತದೆ. ಎಷ್ಟು ಸುಕ್ಕಿದಾಗ ತೆಗೆಯಬೇಕು, ಸಾಸಿವೆ ಎಷ್ಟು ನುಣ್ಣಗಾಗಬೇಕು ಎಂಬುದನ್ನು ಬೆರಳಿನಲ್ಲಿ ಒತ್ತಿ, ಮೂಗಿನಲ್ಲಿ ಆಘ್ರಾಣಿಸಿಯೇ ತಿಳಿಯಬೇಕು. ಅವಸರ ಮಾಡಿದರೆ ಮಿಡಿ ಮೆತ್ತಗಾಗುತ್ತದೆ, ಮತ್ತೆ ಸರಿ ಮಾಡಲು ಆಗದು. ನಮ್ಮ ಬದುಕಿನ ಬಹುಪಾಲು ಕೆಲಸಗಳಲ್ಲಿ ಮಾತಿನಿಂದ ಪಾರಾಗಬಹುದು, ಕಾರಣ ಕೊಡಬಹುದು, ಮೇಲಿನವರ ಮೇಲೆ ಹಾಕಬಹುದು. ಮಾವಿನ ಮಿಡಿಗೆ ಕಾರಣ ಹೇಳಿ ಒಪ್ಪಿಸಲಾಗದು. ವಸ್ತುವಿನ ಈ ನಿಷ್ಠುರವೇ ಮಾಡುವವರ ಅಹಂಕಾರವನ್ನು ಇಳಿಸುತ್ತದೆ, ಜೊತೆಗೆ ಅವರ ಅಂದಾಜಿಗೆ ಬೆಲೆ ತರುತ್ತದೆ. ಕೈಯಳತೆ, ಕಣ್ಣಂದಾಜು ಎಂದು ನಾವು ಸಲೀಸಾಗಿ ಹೇಳುವುದು ವರ್ಷಗಟ್ಟಲೆ ತಿದ್ದಿಕೊಂಡ ತೀರ್ಮಾನಶಕ್ತಿಯನ್ನೇ.

ಹಾಗೆಂದು ಕೈಯಲ್ಲಿ ಮಾಡಿದ್ದೆಲ್ಲ ಶ್ರೇಷ್ಠ, ಮನೆಯಲ್ಲಿ ಮಾಡಿದ್ದೆಲ್ಲ ಪವಿತ್ರ ಎಂದು ನಾನು ಹೇಳಲಾರೆ. ಬೀಡಿಯೂ ಕೈಯಲ್ಲಿ ಕಟ್ಟಿದ್ದೇ, ಮನೆಯಲ್ಲಿ ಕೂತು ಕಟ್ಟಿದ್ದೇ. ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಹೆಂಗಸರು ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟುವ ವೇಗ ನೋಡಿದರೆ ಕಣ್ಣು ತಪ್ಪುತ್ತದೆ. ಅವರ ಬೆರಳಿನ ಕೌಶಲ ಕಸೂತಿ ಹಾಕುವವರದಕ್ಕಿಂತ ಒಂದು ಗುಂಜಿಯೂ ಕಮ್ಮಿಯಲ್ಲ. ಆದರೆ ಅಲ್ಲಿ ಎಲ್ಲ ಬೀಡಿಗಳೂ ಒಂದೇ ಥರ ಇರಬೇಕು, ಲೆಕ್ಕ ಸಾವಿರಕ್ಕೆ ಇಷ್ಟು ಅಂತ. ಬೇಕಾದ್ದಕ್ಕಿಂತ ಹೆಚ್ಚು ಚಂದ ಮಾಡಿದರೆ ಕೂಲಿಯಲ್ಲಿ ನಷ್ಟವೇ. ಹೊಗೆಸೊಪ್ಪಿನ ಧೂಳು ಮಾತ್ರ ಮನೆಯೊಳಗೇ ಉಳಿಯುತ್ತದೆ. ಆ ದುಡಿಮೆಯಿಂದ ಮಕ್ಕಳನ್ನು ಓದಿಸಿದವರಿದ್ದಾರೆ, ಮನೆ ನಿಲ್ಲಿಸಿದವರಿದ್ದಾರೆ; ಅವರ ಬಗ್ಗೆ ನನಗೆ ಗೌರವವಿದೆ. ಕೈಗೆ ತೀರ್ಮಾನದ ಹಕ್ಕಿಲ್ಲದೆ ಹೋದರೆ ಅದು ಮನೆಯೊಳಗೇ ಇದ್ದೂ ಯಂತ್ರವಾಗುತ್ತದೆ ಎಂಬುದಕ್ಕೆ ಈ ಉದಾಹರಣೆ ಕೊಟ್ಟೆ.

ಚೆನ್ನಾಗಿ ಮಾಡುವವರನ್ನು ಕಂಡ ತಕ್ಷಣ ಈಗ ಒಂದು ಮಾತು ಬರುತ್ತದೆ. ಧಾರವಾಡದಲ್ಲಿ ಒಬ್ಬ ಹಿರಿಯರು ಕುಬಸದ ಖಣಕ್ಕೆ ಕಸೂತಿ ಹಾಕುತ್ತ ಕೂತಿದ್ದಾಗ ಪಕ್ಕದ ಮನೆಯ ಹುಡುಗಿ, “ಕಾಕೂ, ಇವನ್ನ ಮಾರಾಕ ಇಟ್ರ ಚೊಲೋ ರೊಕ್ಕ ಬರ್ತಾವಲ್ರಿ” ಅಂದಳು. ಅವರು ಸೂಜಿಯಿಂದ ಕಣ್ಣೆತ್ತದೆ, “ರೊಕ್ಕಕ್ಕಂತ ಕುಂತ್ರ ಇಷ್ಟು ಸಾವಕಾಶ ಹಾಕಾಕ ಆಕ್ಕೈತೇನ ತಂಗಿ? ಇದು ನನ್ನ ಸೊಸೀಗೆ” ಅಂದರು. ಹುಡುಗಿ ಕೆಟ್ಟದ್ದೇನೂ ಹೇಳಿರಲಿಲ್ಲ. ಆದರೆ ಕಾಕೂ ಹೇಳಿದ್ದರಲ್ಲಿ ದೊಡ್ಡ ವಿಚಾರವಿದೆ: ಹೊತ್ತಿನ ಮೇಲೆ ಇರುವ ಒಡೆತನ ಮಾರಾಟಕ್ಕೆ ಇಟ್ಟ ಕ್ಷಣ ಕೊಳ್ಳುವವರ ಕೈಗೆ ಹೋಗುತ್ತದೆ. ಯಾವಾಗ ಬೇಕು, ಯಾವ ಬಣ್ಣ, ಎಷ್ಟಕ್ಕೆ ಎಂಬುದನ್ನು ಆಮೇಲೆ ಅವರು ಹೇಳುತ್ತಾರೆ.

ಇದಕ್ಕೆ ಎದುರು ವಾದವೂ ಬಲವಾದದ್ದು. 1959ರಲ್ಲಿ ಮುಂಬೈಯ ಗಿರಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸತೊಡಗಿದರು. ಲಿಜ್ಜತ್ ಎಂದು ಬೆಳೆದ ಆ ಸಂಸ್ಥೆ ಸಾವಿರಾರು ಹೆಂಗಸರ ಕೈಗೆ ಸ್ವಂತ ದುಡ್ಡು ಕೊಟ್ಟಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಸ್ವಾತಂತ್ರ್ಯಾನಂತರ ದೇಶದ ಕುಶಲಕರ್ಮಿಗಳಿಗೆ ಮಾರುಕಟ್ಟೆ ಕಟ್ಟಲು ತಮ್ಮ ಆಯುಷ್ಯವನ್ನೇ ಕೊಟ್ಟರು. ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಇರಬೇಕೆಂದು ಉಪವಾಸ ಕೂತರು. ಇವರ ಎದುರು ನಿಂತು ಮಾರಾಟ ಕೀಳು ಎಂದು ಹೇಳಲು ಯಾರಿಗೂ ಬಾಯಿ ಬರದು, ಬರಬಾರದು. ನನ್ನ ಮಾತು ಇಷ್ಟೇ: ಮಾರಲು ಮಾಡಿದರೆ ಅದನ್ನು ದುಡಿಮೆ ಎಂದೇ ಒಪ್ಪಿ ಪೂರ್ತಿ ಬೆಲೆ ಕೊಡಬೇಕು. ಮನೆಯಲ್ಲೇ ಕೂತು ಮಾಡುತ್ತಾರಲ್ಲ, ಹವ್ಯಾಸಕ್ಕೆ ಮಾಡುತ್ತಾರಲ್ಲ ಎಂದು ಚೌಕಾಸಿ ಮಾಡುವುದು ಮೋಸ. ಮಾರದೆ ತಮಗಾಗಿ, ತಮ್ಮವರಿಗಾಗಿ ಮಾಡಿದರೆ ಅದಕ್ಕೆ ಬೆಲೆ ಕಟ್ಟಲು ಹೋಗಬಾರದು. ಈ ಎರಡೂ ಒಂದರೊಳಗೊಂದು ಕಲೆಸಿಹೋದಾಗ ನಷ್ಟ ಆಗುವುದು ಮಾಡುವ ಕೈಗೆ.

ಬೇಕಾದ್ದಕ್ಕಿಂತ ಹೆಚ್ಚು ಎಂಬ ನನ್ನ ಮಾತಿಗೆ ಕನ್ನಡದಲ್ಲೇ ಒಂದು ಗಟ್ಟಿ ಎದುರುತ್ತರವಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವನ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಅಗತ್ಯ ಮೀರಿದ್ದನ್ನು ಅಲ್ಲೇ ಸುರಿದು ಬಾ ಎಂದಳು. ಹನ್ನೆರಡನೆಯ ಶತಮಾನದ ಆ ಹೆಂಗಸಿನ ನಿಷ್ಠುರ ಈಗಲೂ ನಮ್ಮನ್ನು ನಾಚಿಸುತ್ತದೆ. ಹಾಗಾದರೆ ಫೂಲವೂ ಸೀರೆಯ ಒಳಮೈಯೂ ಲಕ್ಕಮ್ಮನ ಲೆಕ್ಕದಲ್ಲಿ ಸುರಿದು ಬರಬೇಕಾದ ಅಕ್ಕಿಯೇ? ನಾನು ಹಾಗೆ ತಿಳಿಯುವುದಿಲ್ಲ. ಲಕ್ಕಮ್ಮ ತಡೆದದ್ದು ಪಡೆಯುವುದರಲ್ಲಿನ ಹೆಚ್ಚನ್ನು. ಆ ಹೆಚ್ಚು ಇನ್ನೊಬ್ಬರ ಪಾಲಿನಿಂದ ಬರುತ್ತದೆ. ಮಾಡುವುದರಲ್ಲಿನ ಹೆಚ್ಚು ಮಾಡುವವರ ಕೈಯಿಂದ ಹೊರಟು ಇನ್ನೊಬ್ಬರಿಗೆ ತಲುಪುತ್ತದೆ. ಮನೆ ತುಂಬ ದಾರದ ಉಂಡೆ, ಹೊಸ ಹೊಸ ಉಪಕರಣ, ಅಚ್ಚು, ಬಣ್ಣ ಕೊಂಡು ಗುಡ್ಡೆ ಹಾಕುವ ಈಗಿನ ಹವ್ಯಾಸದ ಚಾಳಿಗೆ ಮಾತ್ರ ಅವಳ ಮಾತು ನೇರ ತಗಲುತ್ತದೆ. ಕೊಳ್ಳುವ ಸಂಭ್ರಮವೇ ಮಾಡುವ ಸಂಭ್ರಮ ಎಂದು ನಂಬಿಸುವ ಅಂಗಡಿಗಳು ಈಗ ಬಹಳ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ದೊಡ್ಡ ತೊಡಕು ಹಾಗೇ ಉಳಿದಿದೆ. ಅದನ್ನು ಮುಚ್ಚಿಟ್ಟರೆ ಈ ವಾದಕ್ಕೆ ಅರ್ಥವಿಲ್ಲ. ಈ ಹೆಚ್ಚು ಹುಟ್ಟುವುದಕ್ಕೆ ಬಿಡುವು ಬೇಕು. ಯಾರಿಗಿದೆ ಬಿಡುವು? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು. ಆ ಕೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ. ಕೈ ಹಾಕುವ ಗಂಡಸರೇ ನೂರಕ್ಕೆ ಇಪ್ಪತ್ತಾರು ಮಂದಿ, ಹೆಂಗಸರು ಎಂಬತ್ತೊಂದು. ನಮ್ಮ ಕಾವ್ಯ ಪುರಾಣಗಳು ಹಾಡಿ ಹೊಗಳಿದ ಅಡುಗೆಯವರು ಇಬ್ಬರು, ನಳ ಮತ್ತು ಭೀಮ. ಇಬ್ಬರೂ ಅರಸುಮನೆತನದವರು, ಕಷ್ಟಕಾಲಕ್ಕೆ ಸೌಟು ಹಿಡಿದವರು. ದಿನಾ ಸೌಟು ಹಿಡಿದವರ ಪಾಕಕ್ಕೆ ಯಾರ ಹೆಸರೂ ಇಲ್ಲ. ಭಾನುವಾರ ಮಸಾಲೆ ಅರೆದು ಬಿರಿಯಾನಿ ಮಾಡುವ ಗಂಡಸಿಗೆ ಅಡುಗೆ ಕಲೆ. ಅದೇ ಮನೆಯಲ್ಲಿ ಉಳಿದ ಆರು ದಿನ ಅನ್ನ ಸಾರು ಮಾಡುವ ಹೆಂಗಸಿಗೆ ಅದು ಪಾಳಿ. ಬಿರಿಯಾನಿಗೆ ಬಳಸಿದ ಪಾತ್ರೆ ತೊಳೆಯುವುದೂ ಅವಳ ಪಾಳಿಗೇ ಸೇರಿರುತ್ತದೆ.

ಅವಳ ಸಾರಿನಲ್ಲಿ ಕಲೆ ಇಲ್ಲವೆಂದಲ್ಲ. ಒಗ್ಗರಣೆಗೆ ಎಲ್ಲಕ್ಕಿಂತ ಕೊನೆಗೆ ಹಾಕಿದ ಕರಿಬೇವಿನಲ್ಲಿ, ಮಗನಿಗೆಂದು ಬೇರೆ ಎತ್ತಿಟ್ಟ ಖಾರ ಕಮ್ಮಿ ಇರುವ ಪಾಲಿನಲ್ಲಿ ಆ ಚೂರು ಹೆಚ್ಚು ಇದೆ. ಸುಸ್ತಾದ ಮೈಯಲ್ಲೂ ಅದು ಬದುಕಿ ಉಳಿದಿದೆ. ಆದರೆ ಉಳಿದಿದೆಯಲ್ಲ ಎಂದು ಸುಸ್ತನ್ನು ಸಮರ್ಥಿಸಿಕೊಳ್ಳುವುದು, ಹಿಂದಿನವರು ಎಷ್ಟು ದುಡಿದೂ ಎಂಥ ಕಸೂತಿ ಹಾಕಿದರು ನೋಡಿ ಎಂದು ಅವರ ದಣಿವನ್ನೇ ಕೊಂಡಾಡುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ. ಅವರಲ್ಲಿ ಎಷ್ಟು ಜನ ಸೂಜಿ ಹಿಡಿಯುವ ಮೊದಲೇ ಕಣ್ಣು ಮುಚ್ಚಿ ನಿದ್ದೆ ಹೋದರೋ ಅದನ್ನು ಯಾವ ಸೀರೆಯೂ ಹೇಳುವುದಿಲ್ಲ.

ಆದ್ದರಿಂದ ಗಂಡುಮಕ್ಕಳಿಗೆ ಅಡುಗೆ ಕಲಿಸಿ ಎನ್ನುವವರಿಗೆ ನನ್ನ ಕೋರಿಕೆ ಇದು: ಬಿರಿಯಾನಿಯಿಂದ ಶುರು ಮಾಡಬೇಡಿ. ಸೋಮವಾರ ಬೆಳಗಿನ ಅನ್ನ ಸಾರಿನಿಂದ, ಶಾಲೆಗೆ ಹೊರಡುವ ಮೊದಲಿನ ಡಬ್ಬಿಯಿಂದ, ರಾತ್ರಿಯ ಮುಸುರೆ ಪಾತ್ರೆಯಿಂದ ಶುರು ಮಾಡಿ. ಅವರಿಗೂ ಅದು ಮೊದಲು ಪಾಳಿಯೇ ಆಗಲಿ. ಪಾಳಿ ಎರಡು ಕೈಗಳ ನಡುವೆ ಹಂಚಿಹೋದ ಮನೆಯಲ್ಲಿ ಮಧ್ಯಾಹ್ನ ಸ್ವಲ್ಪ ಹೊತ್ತು ಮಿಗುತ್ತದೆ. ಆ ಹೊತ್ತಿನಲ್ಲಿ ಅವಳು ಕಸೂತಿಯೇ ಹಾಕಬೇಕೆಂದಿಲ್ಲ. ಏನು ಮಾಡಬೇಕೆಂಬುದನ್ನೂ, ಏನೂ ಮಾಡದೆ ಇರಬೇಕೇ ಎಂಬುದನ್ನೂ ಅವಳೇ ತೀರ್ಮಾನಿಸಲಿ.