ಡೊಂಕು ತಿದ್ದುವವನ ಹೊಣೆ

ಡೊಂಕಾದುದನ್ನು ನೆಟ್ಟಗೆ ಮಾಡುವುದು ಒಳ್ಳೆಯ ಕೆಲಸವೆಂಬುದರಲ್ಲಿ ಸಾಮಾನ್ಯವಾಗಿ ಯಾರಿಗೂ ಸಂದೇಹವಿರುವುದಿಲ್ಲ. ಶಿಕ್ಷಕರಾದ ನಮಗಂತೂ ಅದು ವೃತ್ತಿಧರ್ಮವೇ ಆಗಿರುವುದರಿಂದ, ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ವರ್ಷಕ್ಕೆ ನಾಲ್ಕು ಸಲವಾದರೂ ತರಗತಿಯಲ್ಲಿ ಹೇಳದೆ ಬಿಡುವುದಿಲ್ಲ. ಆದರೆ ಡೊಂಕಾದುದೆಲ್ಲವನ್ನೂ ತಿದ್ದಲೇಬೇಕೆ? ತಿದ್ದಿದ ಮೇಲೆ ಅದು ಮೊದಲಿನಂತಾಯಿತೆಂದು ಹೇಳುವ ಅಧಿಕಾರ ಯಾರದು? ಈ ಪ್ರಶ್ನೆಗಳನ್ನು ಮನುಷ್ಯರ ವಿಷಯದಲ್ಲಿ ಎತ್ತಿದೊಡನೆ ಮಾತು ಬಿಸಿಯೇರಿ, ವಿಚಾರ ಹಿಂದೆ ಬೀಳುತ್ತದೆ. ಆದುದರಿಂದ ಕಬ್ಬಿಣದ ವಿಷಯದಲ್ಲಿ ಎತ್ತಿ ನೋಡೋಣ. ಕಬ್ಬಿಣಕ್ಕೆ ಮುನಿಸಿಲ್ಲ.

ನಾನು ಆರಿಸಿಕೊಂಡಿರುವ ಕಬ್ಬಿಣ ಹಳೆಯದೊಂದು ಟ್ರಾಕ್ಟರಿಗೆ ಸೇರಿದುದು. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಫರ್ಗುಸನ್ ಟಿ.ಇ. 20 ಎಂಬ ಚಿಕ್ಕ ಬೂದುಬಣ್ಣದ ಟ್ರಾಕ್ಟರು ತಯಾರಾಗುತ್ತಿತ್ತು. ಆ ಹತ್ತು ವರ್ಷಗಳಲ್ಲಿ ಹೊರಬಂದ ಯಂತ್ರಗಳ ಸಂಖ್ಯೆ 5 ಲಕ್ಷವನ್ನು ಮೀರಿದೆ. 1958ರ ಜನವರಿ 4ರಂದು ಎಡ್ಮಂಡ್ ಹಿಲರಿಯವರ ತಂಡ ದಕ್ಷಿಣ ಧ್ರುವವನ್ನು ಮುಟ್ಟಿದುದು ಇದೇ ಜಾತಿಯ ಟ್ರಾಕ್ಟರುಗಳನ್ನೇರಿ ಎಂಬುದನ್ನು ಭೂಗೋಳದ ಪಾಠದಲ್ಲಿ ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ. ಆದರೆ ಅದರ ನಿಜವಾದ ಹಿರಿಮೆ ಹೊಲದಲ್ಲಿದೆ. ನೇಗಿಲು, ಕುಂಟೆ, ಹುಲ್ಲು ಕೊಯ್ಯುವ ಮೋವರು ಮುಂತಾದ ಉಪಕರಣಗಳನ್ನು ಹಿಂಬದಿಯಲ್ಲಿ ಮೂರು ಕಡೆ ಸಿಕ್ಕಿಸಿ, ಎಣ್ಣೆಯ ಒತ್ತಡದಿಂದ ಎತ್ತಿ ಇಳಿಸುವ ಏರ್ಪಾಡನ್ನು ಹ್ಯಾರಿ ಫರ್ಗುಸನ್ನರು ಅದರಲ್ಲಿ ಅಳವಡಿಸಿದರು. ಅಂದಿನ ಟ್ರಾಕ್ಟರುಗಳಲ್ಲಿ ಹಲವು ಇಂದಿಗೂ ದುಡಿಯುತ್ತಿವೆ. ಅವನ್ನು ಜತನದಿಂದ ಕಾಪಾಡುವ ಜನರೂ ಇದ್ದಾರೆ.

ಈ ಕಾಲದ ಮೋವರಿನಲ್ಲಿ ಹುಲ್ಲು ಕೊಯ್ಯುವ ಭಾಗವೆಂದರೆ ಟ್ರಾಕ್ಟರಿನ ಪಕ್ಕಕ್ಕೆ ಐದಾರು ಅಡಿ ಚಾಚಿಕೊಂಡು ನೆಲಕ್ಕೆ ತಾಗುವಂತೆ ಸಾಗುವ ಒಂದು ಉಕ್ಕಿನ ಪಟ್ಟಿ. ಅದರ ಮೇಲೆ ಸಾಲಾಗಿ ಕಬ್ಬಿಣದ ಬೆರಳುಗಳು; ಬೆರಳುಗಳ ನಡುವೆ ತ್ರಿಕೋನಾಕಾರದ ಹಲ್ಲುಗಳುಳ್ಳ ಅಲಗು ಅತ್ತಿತ್ತ ಸರಿದಾಡುತ್ತದೆ. ಕತ್ತರಿಯ ತತ್ತ್ವವೇ. ಹೀಗೆ ಪಕ್ಕಕ್ಕೆ ಚಾಚಿಕೊಂಡಿರುವುದಕ್ಕೆ ಆಗುವ ಅಪಾಯವನ್ನು ಯಾರಾದರೂ ಊಹಿಸಬಲ್ಲರು. ಹುಲ್ಲಿನಲ್ಲಿ ಮರೆಯಾದ ಮರದ ಬೊಡ್ಡೆಗೋ ಬೇಲಿಯ ಕಂಬಕ್ಕೋ ತಗಲಿ ಪಟ್ಟಿ ಬಾಗುತ್ತದೆ. ಹೊಸದು ದೊರೆಯುವುದು ಕಷ್ಟ, ಹುಲ್ಲು ಕಾಯುವುದಿಲ್ಲ. ಸುತ್ತಿಗೆ ಹಿಡಿದವನ ಮುಂದೆ ಪ್ರಶ್ನೆ ಬಂದು ನಿಲ್ಲುತ್ತದೆ.

ಬಾಗಿದ ಮೆದು ಉಕ್ಕನ್ನು ಎರಡು ತುದಿಗಳಲ್ಲಿ ಹಿಡಿದು ಹಿಂದಕ್ಕೆ ಬಗ್ಗಿಸಿದರೆ ನೆಟ್ಟಗಾಗುವುದೆಂದು ಕಾಣದವನು ಭಾವಿಸುತ್ತಾನೆ. ಹಾಗಾಗುವುದಿಲ್ಲ. ಒಮ್ಮೆ ಬಾಗಿದ ಜಾಗದಲ್ಲಿ ಲೋಹ ಗಡುಸಾಗಿರುತ್ತದೆ. ಆ ಡೊಂಕೇ ಇಡೀ ಪಟ್ಟಿಯಲ್ಲಿ ಅತಿ ಬಲವಾದ ಭಾಗ. ಒತ್ತಡ ಹಾಕಿದಾಗ ಅದು ಕದಲದೆ, ಅದರ ಎಡಬಲದ ನಿರಪರಾಧಿಯಾದ ಲೋಹ ಬಗ್ಗುತ್ತದೆ. ಒಂದು ಡೊಂಕಿದ್ದಲ್ಲಿ ಮೂರಾಗುತ್ತವೆ. ಬಲ್ಲ ಕಮ್ಮಾರನು ಆದುದರಿಂದ ಡೊಂಕಿಗೆ ಮಾತ್ರ ಕಾವು ಕೊಟ್ಟು, ಮಂದಗೆಂಪು ಬರಿಸಿ, ಅಲ್ಲಿ ಮಾತ್ರ ಮೆತ್ತಗಾಗುವಂತೆ ಮಾಡಿ ತಿದ್ದುತ್ತಾನೆ. ತಣ್ಣಗಿರುವಾಗಲೇ ತಿದ್ದುವುದಾದರೆ ನೇರವನ್ನು ದಾಟಿ ತುಸು ಆಚೆಗೆ ಬಗ್ಗಿಸಬೇಕು. ಕೈ ಬಿಟ್ಟೊಡನೆ ಅದು ಸ್ವಲ್ಪ ಹಿಂದಕ್ಕೆ ಪುಟಿಯುತ್ತದೆ. ಇಷ್ಟೇ ಅಲ್ಲ. ಯಾವ ಕಬ್ಬಿಣವೆಂಬುದನ್ನೂ ಅರಿತಿರಬೇಕು. ಬೀಡುಕಬ್ಬಿಣ ಬಾಗುವುದೇ ಇಲ್ಲ, ಬಿರಿಯುತ್ತದೆ. ಬೆರಳುಗಳು ಸಾಮಾನ್ಯವಾಗಿ ಹದಗೊಳಿಸಿದ ಎರಕದವು. ಅವನ್ನು ತಣ್ಣಗಿರುವಾಗ ಮೆಲ್ಲನೆ ತಟ್ಟಿ ಸಾಲಿಗೆ ತರಬಹುದು, ಕೆಂಪಗೆ ಕಾಯಿಸಿದರೆ ಹದ ಕೆಟ್ಟು ಪೆಡಸಾಗುತ್ತವೆ. ಒಂದೇ ಉಪಕರಣದೊಳಗೆ ಒಂದಕ್ಕೆ ಬೆಂಕಿ ಹಿತ, ಇನ್ನೊಂದಕ್ಕೆ ಅಹಿತ. ಎಲ್ಲಕ್ಕೂ ಒಂದೇ ಏಟಿನ ಮದ್ದು ಎನ್ನುವವನನ್ನು ಕುಲುಮೆಯ ಹತ್ತಿರಕ್ಕೆ ಬಿಡಬಾರದು. (ಶಾಲೆಯ ಹತ್ತಿರಕ್ಕೂ ಎಂದು ಯಾರಾದರೂ ಸೇರಿಸಿದರೆ ನನ್ನ ಆಕ್ಷೇಪಣೆಯಿಲ್ಲ.)

ಪಟ್ಟಿ ನೆಟ್ಟಗಾಯಿತೆಂದೇ ಇಟ್ಟುಕೊಳ್ಳೋಣ. ತುದಿಯಿಂದ ತುದಿಗೆ ದಾರ ಎಳೆದು ನೋಡಿದರೆ ಎಲ್ಲಿಯೂ ಸಂದಿಲ್ಲ. ಅದನ್ನು ಟ್ರಾಕ್ಟರಿಗೆ ಜೋಡಿಸುವಾಗ, ಸಾಗುವ ದಾರಿಗೆ ಸರಿಯಾಗಿ ಲಂಬಕೋನದಲ್ಲಿ ನಿಲ್ಲಿಸಬೇಕೆಂದು ರೇಖಾಗಣಿತ ಬಲ್ಲ ಯಾರೂ ಹೇಳುತ್ತಾರೆ. ಅನುಭವಿ ಹಾಗೆ ನಿಲ್ಲಿಸುವುದಿಲ್ಲ. ಹೊರತುದಿಯನ್ನು ಅಡಿಗೆ ಸುಮಾರು ಕಾಲು ಅಂಗುಲದಂತೆ ಮುಂದಕ್ಕೆ ಇಡುತ್ತಾನೆ. ಐದು ಅಡಿಯ ಪಟ್ಟಿಗೆ ಒಂದೂಕಾಲು ಅಂಗುಲ. ನಿಂತಿರುವಾಗ ಅದು ನೋಡುವವರಿಗೆ ಓರೆಯಾಗಿಯೇ ಕಾಣುತ್ತದೆ. ಹೊಲದಲ್ಲಿ ಹುಲ್ಲಿನ ಎದುರೊತ್ತು ಬಿದ್ದಾಗ ಕೀಲುಗಳ ಸಡಿಲವೆಲ್ಲ ತೀರಿ, ತುದಿ ಹಿಂದಕ್ಕೆ ಸರಿದು, ಆಗ ಪಟ್ಟಿ ನೇರವಾಗುತ್ತದೆ. ಸುಮ್ಮನಿರುವಾಗಲೇ ನೇರವಾಗಿ ನಿಲ್ಲಿಸಿದ ಪಟ್ಟಿ ದುಡಿಮೆಯಲ್ಲಿ ಓರೆಯಾಗುತ್ತದೆ. ಅಲಗು ತಿಕ್ಕಾಡಿ ಸವೆಯುತ್ತದೆ. ನೇರವೆಂಬುದನ್ನು ನಾವು ವಸ್ತುವಿನ ಗುಣವೆಂದು ತಿಳಿದಿದ್ದೆವು. ಇಲ್ಲಿ ಅದು ವಸ್ತುವಿಗೂ ಅದರ ಮೇಲೆ ಬೀಳುವ ಭಾರಕ್ಕೂ ಇರುವ ಸಂಬಂಧವಾಗಿ ಪರಿಣಮಿಸಿತು. ತರಗತಿಯ ಮೊದಲ ಸಾಲಿನಲ್ಲಿ ಕೈಕಟ್ಟಿ ಕುಳಿತ ಹುಡುಗನನ್ನು ಕಂಡು ಇವನು ತಿದ್ದಿಹೋದನೆಂದು ನಿಶ್ಚಯಿಸುವ ಮೊದಲು ಈ ಒಂದೂಕಾಲು ಅಂಗುಲವನ್ನು ನೆನೆಯುವುದು ಲೇಸು.

ಗ್ರೀಸಿನ ವೀರ ಥೀಸಿಯಸ್‌ನ ಹಡಗಿನ ಹಲಗೆಗಳು ಕೊಳೆತಂತೆಲ್ಲ ಆಥೆನ್ಸಿನವರು ಹೊಸ ಹಲಗೆ ಹಾಕುತ್ತ ಬಂದರೆಂದೂ, ಅದು ಅದೇ ಹಡಗೋ ಬೇರೆಯೋ ಎಂದು ತತ್ತ್ವಜ್ಞರು ವಾದಿಸಿದರೆಂದೂ ಪ್ಲೂಟಾರ್ಕನು ಬರೆದಿದ್ದಾನೆ. ದುರಸ್ತಿಯ ವಿಷಯದಲ್ಲಿ ವಿದ್ವಾಂಸರು ಈ ಪ್ರಶ್ನೆಯನ್ನು ಮುಂದಿಡುವುದು ವಾಡಿಕೆ. ಆದರೆ ಹಡಗಿನಲ್ಲಿ ಕುಳಿತವನಿಗೆ ಬೇಕಾದುದು ಅದು ಅದೇ ಹಡಗೋ ಅಲ್ಲವೋ ಎಂಬುದಲ್ಲ. ಮುಳುಗೀತೋ ಇಲ್ಲವೋ ಎಂಬುದು. ನಮ್ಮ ಪ್ರಶ್ನೆಯೂ ಆ ಕಡೆಯದೇ.

ಮೋವರುಗಳಲ್ಲಿ ಇನ್ನೊಂದು ಬಗೆಯುಂಟು. ಅಮೆರಿಕದಲ್ಲಿ 1947ರಲ್ಲಿ ಮಾರಾಟಕ್ಕೆ ಬಂದ ಫಾರ್ಮಾಲ್ ಕಬ್‌ನಂಥ ಚಿಕ್ಕ ಟ್ರಾಕ್ಟರುಗಳ ಹೊಟ್ಟೆಯ ಕೆಳಗೆ ತಗಡಿನ ಮುಚ್ಚಳದ ಮೋವರನ್ನು ತೂಗುಹಾಕುತ್ತಾರೆ. ಇದರಲ್ಲಿ ಅಲಗು ಸರಿದಾಡುವುದಿಲ್ಲ. ಬೀಸಣಿಗೆಯಂತೆ ಗಿರ್ರನೆ ತಿರುಗುತ್ತದೆ. ಕಲ್ಲಿಗೆ ಬಡಿದರೆ ಮುಚ್ಚಳ, ತೂಗುಕಟ್ಟು, ಅಲಗು ಮೂರೂ ಬಾಗಬಹುದು. ಮುಚ್ಚಳವನ್ನು ತಟ್ಟಿ ಸರಿಪಡಿಸಬಹುದು. ತೂಗುಕಟ್ಟನ್ನು ಕಾಯಿಸಿ ತಿದ್ದಬಹುದು. ಅಲಗನ್ನು ತಿದ್ದಬಾರದು. ಇದು ನನ್ನ ಅಭಿಪ್ರಾಯವಲ್ಲ. ಅಲಗನ್ನು ನೇರ್ಪಡಿಸಬೇಡಿ, ಬೆಸೆಯಬೇಡಿ, ಹೊಸದನ್ನೇ ಹಾಕಿರಿ ಎಂಬುದು ಇಂಥ ಯಂತ್ರಗಳ ಕೈಪಿಡಿಗಳಲ್ಲಿ ಕಾಣುವ ಮಾತು. ಕಾರಣವನ್ನು ಗಣಿತದ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಹುದು. ಎರಡು ಅಡಿ ಉದ್ದದ ಅಲಗು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆಂದು ಭಾವಿಸಿರಿ. ಸೆಕೆಂಡಿಗೆ 50 ಸುತ್ತು. ತುದಿಯ ವೇಗ ಸೆಕೆಂಡಿಗೆ ಸುಮಾರು 314 ಅಡಿ. ಬಾಗಿ ನೆಟ್ಟಗಾದ ಜಾಗದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದು ತುಂಡು ಹಾರಿದರೆ, ಅದು ಈ ವೇಗದಲ್ಲಿ ಹಾರುತ್ತದೆ.

ಯಾರ ಕಡೆಗೆ? ನೈತಿಕ ಪ್ರಶ್ನೆ ಇಲ್ಲಿ ಹುಟ್ಟುತ್ತದೆ. ತಿದ್ದಿದವನು ಅಂಗಡಿಯಲ್ಲಿರುತ್ತಾನೆ. ಒಡೆಯನು ಟ್ರಾಕ್ಟರಿನ ಮೇಲೆ ಎತ್ತರದಲ್ಲಿ ಕುಳಿತಿರುತ್ತಾನೆ. ಹೊಲದ ಅಂಚಿನಲ್ಲಿ ಬುತ್ತಿ ತಂದು ನಿಂತ ಮಗುವಿನ ಮೊಣಕಾಲು ಆ ಅಲಗಿನ ಮಟ್ಟಕ್ಕಿರುತ್ತದೆ. "ಈ ಹಂಗಾಮು ಕಳೆದರೆ ಸಾಕು, ಸ್ವಲ್ಪ ನೆಟ್ಟಗೆ ಮಾಡಿಕೊಡಿ, ಏನಾದರೂ ಆದರೆ ಹೊಣೆ ನನ್ನದು" ಎಂದು ಒಡೆಯನು ಹೇಳಬಹುದು. ತನ್ನ ಹಣದ ನಷ್ಟಕ್ಕೆ ಆತ ಹೊಣೆಯಾಗಬಲ್ಲ. ತನ್ನ ಕಾಲಿಗೂ ಆಗಬಲ್ಲನೆಂದು ವಾದಕ್ಕಾಗಿ ಒಪ್ಪೋಣ. ಆ ಮಗುವಿನ ಕಾಲಿಗೆ ಹೊಣೆಯಾಗುವ ಅಧಿಕಾರವನ್ನು ಆತನಿಗೆ ಕೊಟ್ಟವರು ಯಾರು? ಇಲ್ಲದ ಅಧಿಕಾರವನ್ನು ಆತ ಕಮ್ಮಾರನಿಗೆ ವಹಿಸಿಕೊಡುವುದೆಂತು? ಒಪ್ಪಿಗೆಯೆಂಬುದು ಒಪ್ಪಿದವನ ಮೈಯ ಎಲ್ಲೆಯನ್ನು ದಾಟಲಾರದು. ಆದುದರಿಂದ ಪಟ್ಟಿಯನ್ನು ತಿದ್ದಿಕೊಡುವ ಕೈ ಅಲಗನ್ನು ಹಿಂದಿರುಗಿಸುವುದರಲ್ಲಿ ವಿರೋಧವಿಲ್ಲ. ಪಟ್ಟಿ ಕೆಟ್ಟರೆ ಹುಲ್ಲು ಉಳಿಯುತ್ತದೆ, ಅಷ್ಟೆ.

ದುರಸ್ತಿಯನ್ನು ಮರೆಮಾಚುವುದು ಇನ್ನೊಂದು ಅಪರಾಧ. ಬೆಸುಗೆಯ ಮೇಲೆ ಬೂದುಬಣ್ಣ ಬಳಿದು ಹೊಸದರಂತೆ ಮಾಡಿ ಮಾರುವವನು ಸುಳ್ಳು ನುಡಿಯುವುದಿಲ್ಲ ನಿಜ. ಆದರೆ ಕೊಳ್ಳುವವನು ಕೇಳಬೇಕಾದ ಪ್ರಶ್ನೆಯನ್ನು ಕೇಳದಂತೆ ಮಾಡುತ್ತಾನೆ. ತುಕ್ಕು ಹಿಡಿಯದಂತೆ ಬಣ್ಣ ಬೇಕು, ಸರಿ. ಬಳಿಯಲಿ, ಬಳಿದ ಮೇಲೆ ಇಲ್ಲಿ ಬೆಸುಗೆಯಿದೆಯೆಂದು ಬೆರಳಿಟ್ಟು ತೋರಿಸಲಿ.

ಹಾಗಾದರೆ ದುರಸ್ತಿಯ ತೀರ್ಮಾನವನ್ನೆಲ್ಲ ತಯಾರಕರಿಗೇ ಬಿಡೋಣವೆ? ಇಂದಿನ ದೊಡ್ಡ ಟ್ರಾಕ್ಟರುಗಳಲ್ಲಿ ಗಣಕದ ಬೀಗ ಬಂದಿದೆ. ಕಂಪೆನಿಯ ಉಪಕರಣವಿಲ್ಲದೆ ಕೆಲವು ದೋಷಗಳನ್ನು ರೈತನು ಕಂಡುಹಿಡಿಯಲಾರ. ಇದಕ್ಕೆ ಎದುರಾಗಿ ಅಮೆರಿಕದ ಕೊಲರಾಡೊ ಸಂಸ್ಥಾನವು 2023ರಲ್ಲಿ ಕೃಷಿಯಂತ್ರಗಳ ದುರಸ್ತಿಯ ಹಕ್ಕನ್ನು ರೈತರಿಗೆ ಕೊಡುವ ಕಾಯಿದೆ ಮಾಡಿತು. ಅದು 2024ರ ಜನವರಿಯಿಂದ ಜಾರಿಗೆ ಬಂದಿತು. ಅದು ನ್ಯಾಯವೆಂದೇ ನನ್ನ ಮತ. ಸುರಕ್ಷತೆಯ ಹೆಸರಿನಲ್ಲಿ ಬೀಗ ಹಾಕುವವರು ಅಲಗಿನ ವಿಷಯದಲ್ಲಿ ಸಲ್ಲುವ ಮಾತನ್ನು ಮುಚ್ಚಳಕ್ಕೂ ತೂಗುಕಟ್ಟಿಗೂ ಹೇಳಿ, ಎಲ್ಲವನ್ನೂ ಹೊಸದಾಗಿ ಮಾರುತ್ತಾರೆ. ಯಾವುದನ್ನು ತಿದ್ದಬಹುದು, ಯಾವುದನ್ನು ತಿದ್ದಬಾರದು ಎಂಬ ವಿವೇಕ ಬೆಳೆಯುವುದು ಮುಟ್ಟಿ ನೋಡಲು ಬಿಟ್ಟ ಕೈಯಲ್ಲಿಯೇ.

ಒಂದು ಆಕ್ಷೇಪಣೆ ಉಳಿಯಿತು, ಅದು ಹಗುರವಾದುದಲ್ಲ. ಹೊಸ ಅಲಗು ಕೊಳ್ಳುವ ಶಕ್ತಿಯಿಲ್ಲದವನಿಗೆ ಆಗದೆಂದು ಹೇಳುವುದು ಹೊಟ್ಟೆ ತುಂಬಿದವನ ಧರ್ಮವಲ್ಲವೆ? ಆಗದೆಂದು ಹೇಳಿ ಬಾಗಿಲು ಹಾಕಿಕೊಂಡರೆ ಹೌದು. ಕಮ್ಮಾರನು ಅಷ್ಟಕ್ಕೇ ನಿಲ್ಲಬೇಕಾಗಿಲ್ಲ. ಬೇರೆ ಅಲಗು ಬರುವವರೆಗೆ ಆತನ ಕುಡುಗೋಲುಗಳನ್ನು ಮಸೆದುಕೊಡಬಹುದು. ಬಾಗಿದ ಆ ಅಲಗನ್ನೇ ಕಾಯಿಸಿ, ತಟ್ಟಿ ನೆಟ್ಟಗೆ ಮಾಡಿ, ಮರದ ಹಿಡಿ ಹಾಕಿ, ಗಾಲಿಗೆ ಮೆತ್ತಿದ ಕೆಸರು ಕೆರೆಯುವ ಸಲಾಕೆಯಾಗಿ ಕೈಗೆ ಕೊಡಬಹುದು. ಅಲ್ಲಿ ಅದು ಮುರಿದರೂ ಕೆರೆಯುವವನ ಕಾಲ ಬುಡದಲ್ಲಿ ಬೀಳುತ್ತದೆ.